ಉಣ್ಣೆ ತುಂಬಿದ ಸ್ಪೀಕರುಗಳು

ಮಾಮಾ,

ಅವ್ವನ ತಮ್ಮನಾಗಿ ನೀನು ನನಗೆ ಮೊದಲೇ ಮಾಮಾ. ಸವಿತಾಳನ್ನು ನನಗೆ ಕೊಟ್ಟ ಮೇಲೆ ಇನ್ನೊಮ್ಮೆ ಮಾಮಾ ಆದೆ. ನೀನಿದ್ದಾಗ ನಾವು ಕಾಗದ ಬರೆದವರಲ್ಲ, ಫೋನಿನಲ್ಲೇ ಬೈದಾಡಿ ಮುಗಿಸುತ್ತಿದ್ದೆವು. ನೀನು ಹೋದ ಮೇಲೆ ಬೈಯುವುದಕ್ಕೆ ಬೇಕಾದಷ್ಟು ಸಾಮಾನು ಕೂಡಿದೆ, ಕೂತು ಕೇಳುವವರು ಯಾರೂ ಇಲ್ಲ. ಸಂಗತಿ ನಿನ್ನ ಸ್ಪೀಕರುಗಳದ್ದು. ಮೊದಲೇ ಹೇಳಿಬಿಡುತ್ತೇನೆ, ಹೇಸಿಗೆ ಬರುವ ಸಂಗತಿ. ಅಲ್ಲಿ ಊಟದ ಹೊತ್ತಾಗಿದ್ದರೆ ಉಂಡು, ಬೀಡಿ ಹಚ್ಚಿಕೊಂಡು, ಆಮೇಲೆ ಓದು.

ಭಾಲ್ಕಿಯ ನಿನ್ನ ಅಂಗಡಿ ಕಣ್ಣ ಮುಂದೆ ಬರುತ್ತದೆ. ಗೋಡೆಯ ಮೊಳೆಗಳಿಗೆ ನೇತುಹಾಕಿದ ಮೈಕಿನ ಭೋಂಗಾಗಳು, ನೆಲದ ತುಂಬ ವೈರಿನ ಸುರುಳಿಗಳು, ನಡುವೆ ಬಾಯಲ್ಲಿ ಬೀಡಿ ಕಚ್ಚಿಕೊಂಡು ಬೆಸುಗೆ ಹಾಕುತ್ತ ಕೂತ ನೀನು. ಸುತ್ತಲಿನ ಹಳ್ಳಿಗಳ ಮದುವೆ, ಭಜನೆ, ಪ್ರಚಾರ, ಎಲ್ಲದಕ್ಕೂ ನಿನ್ನದೇ ಮೈಕ್‌ಸೆಟ್ಟು. ಆಮೇಲೆ ಡಿಜೆ ಬಂತು. ಟ್ರ್ಯಾಕ್ಟರಿನ ತುಂಬ ಪೆಟ್ಟಿಗೆ ಪೇರಿಸಿಕೊಂಡು ಹೋದವರ ಸಪ್ಪಳಕ್ಕೆ ನಿನ್ನ ಅಂಗಡಿಯ ಗಾಜು ಬಿರುಕು ಬಿಟ್ಟಿತಲ್ಲ, ಅವತ್ತು ನೀನು ಹೊರಗೆ ಬಂದು ನೆಲಕ್ಕೆ ಉಗುಳಿದೆ. “ಇದು ಹಾಡಲ್ಲೋ ಮಲ್ಲು. ಎದಿ ಮ್ಯಾಲ ಕೋಣ ಹತ್ತಿ ಕುಣದಂಗ ಅದ. ದೇವ್ರು ಕಿವಿ ಅಂಬೋದು ಕೊಟ್ಟಾನ, ಅದ್ರಾಗ ಹೊಲಸು ತುಂಬ್ತಾರ.” ಮೈಕ್‌ಸೆಟ್ಟು ಬಿಟ್ಟುಬಿಡುತ್ತೇನೆ ಎಂದೆ ನೀನು. “ಆದ್ರ ನಿಮ್ಮ ಮನೀಗಿ ಅಂತ ಎರಡು ಡಬ್ಬಾ ಮಾಡ್ತೇನಿ. ಅವು ಮುಗದ್ವು ಅಂದ್ರ ಕೈ ತೊಳ್ಕೋತೇನಿ.”

ಆ ಪೆಟ್ಟಿಗೆಗಳನ್ನು ನೀನು ಮಾಡಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಕೆಡವಿದ ಹಳೆಯ ಮನೆಯ ಸಾಗವಾನಿ ಬಾಗಿಲುಗಳನ್ನು ಸೀಳಿಸಿ ಹಲಗೆ ಮಾಡಿಸಿದೆ. ಎದೆಯ ಎತ್ತರಕ್ಕೆ ಬಂದವು ಎರಡೂ. ಸ್ಪೀಕರ್ ಪೆಟ್ಟಿಗೆಯೊಳಗೆ ಸದ್ದು ಗುಂಯ್ಗುಡದ ಹಾಗೆ ಮೆತ್ತನೆಯದೇನಾದರೂ ತುಂಬಬೇಕಂತೆ, ಎಲ್ಲರೂ ಗಾಜಿನ ಎಳೆಯ ಹತ್ತಿಯನ್ನು ತುಂಬುತ್ತಾರಂತೆ. ನಿನಗೆ ಅದು ಸೇರಲಿಲ್ಲ. “ಕುರಿಯೋರ ಮನ್ಯಾಗ ಹುಟ್ಟಿ ಗಾಜಿನ ಉಣ್ಣಿ ಯಾಕ ತರ್ಲಿ?” ಎಂದು ಔರಾದ್ ಕಡೆಯ ನಮ್ಮ ಊರಿಗೆ ಹೇಳಿಕಳಿಸಿದೆ. ಅವ್ವ ಕತ್ತರಿಸಿದ ಉಣ್ಣೆಯನ್ನು ಗೋಣಿಚೀಲದಲ್ಲಿ ತುರುಕಿ ಬಸ್ಸಿಗೆ ಹಾಕಿಸಿದಳು. ತಮ್ಮ ಗಾದಿ ಮಾಡಿಸಿಕೊಳ್ಳುತ್ತಾನೆ ಎಂದೇ ಅವಳ ಎಣಿಕೆ. ನೀನೋ, ಒಂದೇ ನೀರಿನಲ್ಲಿ ಜಾಲಿಸಿ, ಸರಿಯಾಗಿ ಒಣಗುವ ಮೊದಲೇ ತುಂಬತೊಡಗಿದೆ. ವಾಸನೆ ಬರುತ್ತದಲ್ಲ ಮಾಮಾ ಎಂದು ನಾನು ಹೇಳಿದಾಗ ನೀನು ನಕ್ಕೆ. “ಬರ್ಲಿ ಬಿಡೋ. ಯಾರ ಮನಿದು ಅಂತ ಗೊತ್ತಾಗ್ಲಿ.”

ಬೀದರಿನ ಚಿದ್ರಿಯ ನಮ್ಮ ಮನೆಗೆ ಅವು ಬಂದ ದಿನ ನಿನಗೆ ನೆನಪಿರಲೇಬೇಕು. ಟೆಂಪೋದಿಂದ ಇಳಿಸುವಾಗ ಹಡೆದವಳನ್ನು ಇಳಿಸುವ ಹಾಗೆ ಹಿಂದೆ ಮುಂದೆ ಓಡಾಡಿದೆ. ಹಾಲಿನಲ್ಲಿ ಟಿವಿಯ ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿ, ವೈರು ಜೋಡಿಸಿ, ಒಂದು ತಂಬೂರಿ ಪದ ಹಚ್ಚಿದೆ. ಹಾಡುವವನು ಗಂಟಲು ಸರಿಪಡಿಸಿಕೊಂಡದ್ದು ಕೂಡ ಕೇಳಿಸಿತು. ಆಮೇಲೆ ಸವಿತಾಳನ್ನು ಕರೆದು, ಪೆಟ್ಟಿಗೆಯ ಕೆಳಭಾಗದಲ್ಲಿದ್ದ ದುಂಡನೆಯ ತೂತಿನ ಮುಂದೆ ಅಂಗೈ ಹಿಡಿಸಿದೆ. ತಂಬೂರಿಯ ಪ್ರತಿ ಮಿಡಿತಕ್ಕೂ ತೂತಿನಿಂದ ಗಾಳಿ ಬಂದು ಅವಳ ಅಂಗೈಗೆ ತಾಕುತ್ತಿತ್ತು. “ಅಪ್ಪಾ, ಇದು ಉಸಿರಾಡ್ಲಾಕ್ ಹತ್ತೇದ” ಎಂದಳು. “ಮತ್ತ? ಡಬ್ಬಾಕ್ಕೂ ಉಸಿರು ಬೇಕಾಗ್ತದವ್ವ” ಎಂದೆ ನೀನು. ಹೊರಡುವಾಗ ನನ್ನನ್ನು ಗೇಟಿನ ಹತ್ತಿರ ಕರೆದು ಹೇಳಿದೆ, ಯಾವ ಕಾಲಕ್ಕೂ ಇವು ಡಿಜೆಯವರ ಕೈಗೆ ಹೋಗಬಾರದು ಎಂದು. ನಾನು ಹೂಂ ಎಂದೆ. ಆ ಹೂಂ ಉಳಿಸಿಕೊಳ್ಳುವುದಕ್ಕೆ ನಾನು ಪಟ್ಟ ಪಾಡು ಈಗ ಕೇಳು.

ನಿನ್ನನ್ನು ಮಣ್ಣು ಮಾಡಿ ಭಾಲ್ಕಿಯಿಂದ ಬಂದ ಮೇಲೆ, ದಿನಕರ್ಮ ಎಲ್ಲ ಮುಗಿದ ಮೇಲೆ, ನಾನೊಂದು ಸಂಜೆ ಟಿವಿ ಹಚ್ಚಿದೆ. ಸವಿತಾ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತಳು. “ಅವು ನನ್ನ ಕಣ್ಣಿಗಿ ಬೀಳಬಾರ್ದ್ರಿ” ಎಂದಳು. ಏನು ಎಂದರೆ ಸ್ಪೀಕರುಗಳು. “ಮುಚ್ಚಿಬಿಡ್ರಿ, ಇಲ್ಲಾಂದ್ರ ಯಾರಿಗರೆ ಕೊಟ್ಟುಬಿಡ್ರಿ. ಕಮಲನಗರದ ಡಿಜೆಯಾಂವ ಕೇಳ್ಲಾಕ್ ಹತ್ಯಾನಂತಲ್ಲ.” ಯಾಕೆ ಎಂದು ಕೇಳಿದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ, “ಕುರಿ ವಾಸನಿ ಬರ್ತದ” ಎಂದಳು. ನನಗೆ ಮೈಯೆಲ್ಲ ಉರಿಯಿತು ಮಾಮಾ. ಕುರಿಯ ಹಾಲು ಕುಡಿದು ಬೆಳೆದವಳು, ಇಂಗ್ಲಿಷ್ ಶಾಲೆಯಲ್ಲಿ ಟೀಚರ್ ಆದ ಕೂಡಲೇ ಕುರಿಯ ವಾಸನೆಗೆ ಮೂಗು ಮುಚ್ಚಿಕೊಳ್ಳುವುದೇ?

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಎದ್ದು ಔರಾದಿನ ದನದ ದವಾಖಾನೆಗೆ ಹೋಗುತ್ತೇನೆ. ಈಯಲಾಗದ ಎಮ್ಮೆಯ ಹೊಟ್ಟೆಯೊಳಗೆ ತೋಳಿನ ತನಕ ಕೈ ಹಾಕುತ್ತೇನೆ. ಕೊಳೆತ ಗೊರಸು ಕೊರೆಯುತ್ತೇನೆ, ಹುಳ ಬಿದ್ದ ಗಾಯ ತೊಳೆಯುತ್ತೇನೆ, ಕೈ ತೊಳೆದು ಅಲ್ಲೇ ರೊಟ್ಟಿ ಬಿಚ್ಚಿ ತಿನ್ನುತ್ತೇನೆ. ಸಗಣಿ ನನಗೆ ಎಂದೂ ಹೇಸಿಗೆ ಆಗಿಲ್ಲ. ಅದು ಏನಾಗಿದೆಯೋ ಅದೇ ವಾಸನೆ ಬರುತ್ತದೆ. ನನಗೆ ವಾಕರಿಕೆ ಬರುವುದು ಬೇರೆಯದಕ್ಕೆ. ಒಳಗೊಂದು ಇಟ್ಟು ಮೇಲೊಂದು ಹಚ್ಚುತ್ತಾರಲ್ಲ, ಅದಕ್ಕೆ. ಆದರೂ ಮನೆಯೊಳಗೆ ಜಗಳ ಬೇಡ, ತಂದೆ ತೀರಿಕೊಂಡ ಹೆಣ್ಣುಮಗಳು, ಸ್ಪೀಕರು ಉಳಿದರೆ ಸಾಕು ಎಂದುಕೊಂಡು ಮುಚ್ಚುವುದಕ್ಕೆ ಒಪ್ಪಿದೆ. ಒಪ್ಪಿದ್ದೇ ತಡ, ಹೇಸಿಗೆ ಬಾಗಿಲಿಗೇ ಬಂತು.

ಇಂಟೀರಿಯರ್‌ನವನು ಸವಿತಾ ಕರೆಸಿದ್ದಕ್ಕೆ ಗೋಡೆ ಸಿಂಗರಿಸಲು ಮೊದಲ ಸಲ ಮನೆಯೊಳಗೆ ಕಾಲಿಟ್ಟಾಗ ಅವನ ಕೈಯಲ್ಲಿ ಅಳತೆಯ ಟೇಪು, ಕಿವಿಯಲ್ಲಿ ಫೋನಿನದೊಂದು ಬಟನ್ನು. ನಿನ್ನ ಸ್ಪೀಕರಿನ ನೆತ್ತಿಯ ಮೇಲೆ ಬೆರಳಿನಿಂದ ತಟ್ಟಿ ಕೇಳಿದ. “ಸರ, ಈ ಬೀರುಗೋಳು ಯಾಕ ಇಟ್ಕೊಂಡೀರಿ? ಹೊರಗ ಹಾಕ್ರಿ. ಇಷ್ಟೇ ಇಷ್ಟು ಉದ್ದಂದು ಪಟ್ಟಿ ಬರ್ತದ, ಅದ್ರಾಗೇ ಎಲ್ಲಾ ಸೌಂಡ್ ಅದ.” ಅವು ಇರುತ್ತವೆ, ಕಾಣಬಾರದು ಅಷ್ಟೇ ಎಂದೆ. ಬೇರೆ ಲೋಕದ ಮನುಷ್ಯನನ್ನು ನೋಡಿದ ಹಾಗೆ ನೋಡಿದ. ಆಮೇಲೆ ಏನು ಮಾಡಿದ ಗೊತ್ತೇ? ಗೋಡೆಯ ತುಂಬ ಪ್ಲಾಸ್ಟಿಕ್ ಹುಲ್ಲು ಅಂಟಿಸಿದ. ಹೌದು, ಹುಲ್ಲು. ಅದರ ನಡುವೆ ಗುಲಾಬಿ ಬಣ್ಣದ ದೀಪದಲ್ಲಿ ಇಂಗ್ಲಿಷಿನ ಎರಡು ಮಾತು ಬರೆಸಿದ. ಕಲ್ಲಲ್ಲದ ಹಾಳೆಯ ಮೇಲೆ ಕಲ್ಲಿನ ಚಿತ್ರ, ಕಟ್ಟಿಗೆಯಲ್ಲದ ಹಲಗೆಯ ಮೇಲೆ ಕಟ್ಟಿಗೆಯ ಚಿತ್ರ. ಆ ಸುಳ್ಳು ಕಟ್ಟಿಗೆಯಿಂದ ಎರಡು ಕಪಾಟು ಮಾಡಿ, ಖರೇ ಸಾಗವಾನಿಯನ್ನು ಅದರೊಳಗೆ ತಳ್ಳಿ ಬಾಗಿಲು ಹಾಕಿದ. ದಿನವೂ ಖರೇ ಹುಲ್ಲಿಗಾಗಿ ಒದ್ದಾಡುವ ದನಗಳನ್ನು ನೋಡಿ ಬಂದವನು ನಾನು. ಸಂಜೆ ಸೋಫಾದಲ್ಲಿ ಕೂತು ಆ ಗೋಡೆ ನೋಡಿದಾಗಲೆಲ್ಲ ಚಹಾ ಒಳಗಿಳಿಯುತ್ತಿರಲಿಲ್ಲ.

ಕಪಾಟಿನೊಳಗೆ ಹೋದ ಮೇಲೆ ಮೊದಲ ಸಲ ಸಿನಿಮಾ ಹಚ್ಚಿದ್ದು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಹೀರೋ ಮಾತಾಡಿದರೆ ಹೊಟ್ಟೆ ಉಬ್ಬಿದ ಕರು ನರಳಿದ ಹಾಗೆ ಕೇಳಿಸಿತು. ನಿನ್ನ ಉಸಿರಿನ ತೂತಿನ ಗಾಳಿಗೆ ಹೋಗಲು ದಾರಿ ಇಲ್ಲದೆ ಕಪಾಟಿನ ಬಾಗಿಲು ಟಪಟಪ ಬಡಿದುಕೊಂಡಿತು. ಸವಿತಾಳಿಗೂ ಅದು ಕೇಳಿಸಿತು, ಆದರೆ ಅವಳು ಶಾಲೆಯ ಮಕ್ಕಳ ಪುಸ್ತಕ ತಿದ್ದುತ್ತಾ ತಲೆ ಎತ್ತಲಿಲ್ಲ. “ವಾಸನಿ ಇನ್ನಾ ಬರ್ತದ” ಎಂದಳು ಅಷ್ಟೇ. ಮರುದಿನ ಗೋಡೆಗೆ ಒಂದು ಯಂತ್ರ ಬಂತು. ಮನಸ್ಸಿಗೆ ಬಂದಾಗ ಫುಸ್ ಎಂದು ಮಲ್ಲಿಗೆಯ ವಾಸನೆ ಉಗುಳುತ್ತದೆ. ಮಲ್ಲಿಗೆ ಎಲ್ಲಿಯದು, ಶವದ ಮೇಲೆ ಸುರಿಯುವ ಅತ್ತರಿನ ಹಾಗೆ. ಅದರ ಕೆಳಗೆ ಕುರಿಯ ಉಣ್ಣೆಯ ವಾಸನೆ ಹಾಗೇ ಇರುತ್ತಿತ್ತು. ಎರಡೂ ಕೂಡಿ ಬಂದಾಗ, ಹುಳದ ಗಾಯ ತೊಳೆದು ಬಂದ ನಾನೇ ಎದ್ದು ಕಿಟಕಿ ತೆರೆಯುತ್ತಿದ್ದೆ.

ಕಪಾಟಿನ ಬಾಗಿಲು ಬಿಚ್ಚಿಸೋಣ ಎಂದು ನಾನು ಹಟ ಹಿಡಿದಾಗ ಬಂದದ್ದು ಮಖಮಲ್ಲಿನ ಪರದೆ. ನೇರಳೆ ಬಣ್ಣ, ಕೆಳಗೆ ಝಾಲರಿ, ನಡುವಿಗೆ ಚಿನ್ನದ ಬಣ್ಣದ ಹಗ್ಗ. ಸವಿತಾ ಎರಡೂ ಪೆಟ್ಟಿಗೆಗಳನ್ನು ಕಪಾಟಿನಿಂದ ಹೊರಗೆ ತರಿಸಿ, ಸೀರೆ ಉಡಿಸಿದ ಹಾಗೆ ಪರದೆ ಸುತ್ತಿ, ತಲೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಳು. ಎದುರುಮನೆಯ ಹೆಂಗಸು ಬಂದು, “ಅಕ್ಕಾ, ಒಳಗ ಏನದರಿ, ವಾಷಿಂಗ್ ಮಷೀನಾ?” ಎಂದು ಕೇಳಿದಳು. ಸವಿತಾ ಹೂಂ ಎಂದಳು. ಭಾಲ್ಕಿಯಲ್ಲಿ ಹೆಸರು ಮಾಡಿದ ಕೈಯ ಕೊನೆಯ ಕೆಲಸ ಮಗಳ ಮನೆಯಲ್ಲಿ ವಾಷಿಂಗ್ ಮಷೀನು ಆಯಿತು ಮಾಮಾ. ನಾನು ಎದ್ದು ಹೊರಗೆ ಹೋದೆ. ಏನಾದರೂ ಅಂದರೆ, ಹಾಗಾದರೆ ಕಮಲನಗರದವನಿಗೆ ಕೊಡಿ ಎನ್ನುತ್ತಾಳೆ. ಅಲ್ಲಿ ಹೋದರೆ ನಿನ್ನ ಡಬ್ಬಾದ ಗತಿ…

ಇದಕ್ಕಿಂತ ಹೊಲಸು ಇನ್ನೊಂದಿರಲಾರದು ಎಂದುಕೊಂಡಿದ್ದಾಗ ಆ ಇಂಟೀರಿಯರ್‌ನವನೇ ಮತ್ತೆ ಬಂದ. ಮಖಮಲ್ಲು ಹಳೆಯದಾಯಿತಂತೆ, ಈಗ ಎಲ್ಲರೂ ‘ಎಥ್ನಿಕ್’ ಮಾಡಿಸುತ್ತಾರಂತೆ. ಎಲ್ಲಿಯದೋ ಪ್ರದರ್ಶನದಿಂದ ಎರಡು ಕಂಬಳಿ ತಂದ. ಹೌದು, ನಮ್ಮ ಕರಿ ಕಂಬಳಿ. ಅಂಚಿಗೆ ಕನ್ನಡಿ ಚೂರು, ಮೂಲೆಗೆ ಗೊಂಡೆ. ನಿನ್ನ ಅಪ್ಪ ಇಡೀ ಜೀವಮಾನ ಹೆಗಲ ಮೇಲೆ ಹೊತ್ತ ಕಂಬಳಿಯನ್ನು ಹಾಲಿನಲ್ಲಿ ಅಲಂಕಾರಕ್ಕೆ ನಿಲ್ಲಿಸಿ, ಮುಂದೆ ಹಿತ್ತಾಳೆಯ ಸಮೆ ದೀಪ ಇಟ್ಟು, ಬಲಗಡೆಯದರ ಮುಂದೆ ಒಂದು ಭಾರಿ ಉರುಳಿ ಪಾತ್ರೆ ಇಟ್ಟು ನೀರು ತುಂಬಿ, ಅದರಲ್ಲಿ ಪ್ಲಾಸ್ಟಿಕ್ ಕಮಲ ಬಿಟ್ಟ. ಮೇಲಿಂದ ಹಳದಿ ದೀಪದ ಬೆಳಕು. ಕುರಿಯ ವಾಸನೆ ಬೇಡ, ಕುರಿಯವರ ಕಂಬಳಿ ಬೇಕು. ಇದಕ್ಕೆ ಏನನ್ನಬೇಕು ನೀನೇ ಹೇಳು. ಕಂಬಳಿಯಿಂದಾಗಿ ಸದ್ದು ಮಾತ್ರ ಮೊದಲಿಗಿಂತ ಚೆನ್ನಾಗಿ ಬರುತ್ತಿತ್ತು, ಅದಕ್ಕೇ ಬಾಯಿ ಮುಚ್ಚಿಕೊಂಡೆ.

ಅವ್ವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೀದರಿಗೆ ಬಂದದ್ದು ಆಗಲೇ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮೊದಲೇ ಮಬ್ಬು. ಬೆಳಿಗ್ಗೆ ನಾನು ಔರಾದಿಗೆ, ಸವಿತಾ ಶಾಲೆಗೆ ಹೋದ ಮೇಲೆ ಅವಳು ಗೋಡೆ ಹಿಡಿದುಕೊಂಡು ಹಾಲಿಗೆ ಬಂದಿದ್ದಾಳೆ. ಏನು ಕಂಡಿರಬೇಕು ಅವಳಿಗೆ? ಕರಿ ಕಂಬಳಿ ಹೊದ್ದು ನಿಂತ ಎರಡು ಆಕಾರ, ಮುಂದೆ ಸಮೆ, ನೀರು, ಹೂವು. ನಮ್ಮಲ್ಲಿ ಕಂಬಳಿ ಹೊದಿಸಿ ದೀಪ ಇಟ್ಟರೆ ಅದು ದೇವರ ಗದ್ದುಗೆಯೇ ತಾನೆ. ಸಂಜೆ ನಾನು ಬಂದಾಗ ಹಾಲಿನ ನೆಲವೆಲ್ಲ ಭಂಡಾರದ ಅರಿಸಿನದಿಂದ ಹಳದಿ. ಪ್ಲಾಸ್ಟಿಕ್ ಹುಲ್ಲಿನ ಮೇಲೂ ಭಂಡಾರ. ಸವಿತಾ ಚೀಲ ಹೆಗಲಿಂದ ಇಳಿಸದೆ ನಿಂತಿದ್ದಳು. ಅವ್ವ ನೆಲದ ಮೇಲೆ ಕಾಲು ಚಾಚಿ ಕೂತು ನನ್ನ ಸಪ್ಪಳ ಹಿಡಿದು ಕರೆದಳು. “ಬಾರಪ್ಪಾ. ನೌಕರಿ ಸಿಕ್ಕ ಮ್ಯಾಲ ಮನಿದೇವ್ರು ಮಲ್ಲಯ್ಯನ್ನ ಮರತಿ ಅಂದ್ಕೊಂಡಿದ್ದೆ. ಬೀದರದಾಗ ಬಂದು ಪಡಸಾಲ್ಯಾಗೇ ಜಾಗಾ ಕೊಟ್ಟೀದಿ. ನನ್ನ ಹೊಟ್ಟಿ ತಣ್ಣಗಾಯ್ತು.” ಅದು ಸ್ಪೀಕರು ಅವ್ವಾ ಎಂದು ಹೇಗೆ ಹೇಳಲಿ? ಸವಿತಾ ನನ್ನ ಮುಖ ನೋಡಿದಳು. “ಹೌದತ್ತಿ” ಎಂದಳು. ಕಾಯಿಯ ಹೋಳು ಎತ್ತಿದೆವು, ಭಂಡಾರ ಒರೆಸಿದೆವು, ಪಟ್ಟಿ ಬಿಚ್ಚಿದ ಮೇಲೆ ಅವ್ವ ಊರಿಗೆ ಹೋದಳು. ಅಲ್ಲಿಗೆ ಮುಗಿಯಿತೆಂದೇ ತಿಳಿದೆವು.

ಮುಗಿದಿರಲಿಲ್ಲ. ಬಿಸಿಲು ಜೋರಾಗಿದ್ದ ದಿನಗಳು, ಬೀದರಿನ ಬಿಸಿಲು ನಿನಗೆ ಹೇಳಬೇಕೇ. ಮೊದಲು ಹುಳಿ ವಾಸನೆ ಬಂತು. ಸವಿತಾ ಫುಸ್ ಎನ್ನುವ ಯಂತ್ರಕ್ಕೆ ಹೊಸ ಡಬ್ಬಿ ಹಾಕಿದಳು. ಆಮೇಲೆ ಬಂದದ್ದು ವಾಸನೆಯಲ್ಲ, ನಾತ. ಸೋಫಾ ಎಳೆದು ಸತ್ತ ಇಲಿ ಹುಡುಕಿದಳು, ಬಚ್ಚಲಿಗೆ ಔಷಧಿ ಸುರಿದಳು. ಶಾಲೆಯ ಟೀಚರುಗಳು ಮನೆಗೆ ಬಂದ ದಿನ ಒಬ್ಬೊಬ್ಬರೇ ಕೆಲಸ ನೆನಪಾದವರ ಹಾಗೆ ಎದ್ದು ಹೋದರು, ತಟ್ಟೆಯ ತುಂಬ ಚುರುಮುರಿಯ ಸುಸಲಾ ಹಾಗೇ ಉಳಿಯಿತು. “ನೋಡ್ರಿ, ನಾ ಹೇಳಿದ್ದಿಲ್ಲ? ಅವೇ ನಿಮ್ಮ ಡಬ್ಬಾ. ನಾಳಿಗೇ ಕೊಟ್ಟುಬಿಡ್ರಿ” ಎಂದು ಅತ್ತಳು. ನಾನು ಪೆಟ್ಟಿಗೆಗೆ ಮೂಗು ಹಚ್ಚಿ ಮೂಸಿದೆ. ಅದು ಉಣ್ಣೆಯ ವಾಸನೆಯಲ್ಲ. ಕೆಚ್ಚಲು ಬಾವು ಬಂದ ಹಸುವಿನ ಹಾಲು ಕೆಟ್ಟಾಗ ಬರುವ ನಾತ. ಅದನ್ನು ದಿನವೂ ಮೂಸುವವನಿಗೆ ತಪ್ಪುವುದುಂಟೇ? ಆದರೆ ಸ್ಪೀಕರಿನಲ್ಲಿ ಹಾಲು ಎಲ್ಲಿಂದ ಬರಬೇಕು?

ಅವ್ವನಿಗೆ ಫೋನು ಹಚ್ಚಿ ಕೇಳಿದೆ, ದೇವರಿಗೆ ಏನೇನು ಮಾಡಿದೆ ಎಂದು. ಸಂತೋಷದಿಂದ ಹೇಳಿದಳು. ಕಂಬಳಿಯ ಅಂಚು ಎತ್ತಿ ಕೈಯಾಡಿಸಿದಾಗ ಕೆಳಗೆ ದುಂಡನೆಯ ತೂತು ಸಿಕ್ಕಿತಂತೆ. ಹಟ್ಟಿಯ ಹತ್ತಿರದ ಹುತ್ತಕ್ಕೆ ನಮ್ಮವರು ಹಾಲೆರೆಯುತ್ತಾರಲ್ಲ, ಇದೂ ಮಲ್ಲಯ್ಯನ ಹುತ್ತವೇ ಎಂದುಕೊಂಡು, ಚಹಾದ ಕಿಟ್ಲಿಯಲ್ಲಿ ಹಾಲು ತುಂಬಿ, ಅದರ ಮೂತಿಯನ್ನು ತೂತಿನೊಳಗಿಟ್ಟು, ಪೂರ್ತಿ ಎರೆದಿದ್ದಾಳೆ. “ಎಲ್ಲಾ ಕುಡದಾನಪ್ಪಾ. ಒಂದು ಹನಿ ಹೊರಗ ಬಂದಿಲ್ಲ.” ಬಲಗಡೆಯದಕ್ಕೂ ಎರೆಯಬೇಕೆಂದಿದ್ದಳಂತೆ, ಮುಂದಿನ ಉರುಳಿ ಪಾತ್ರೆ ಸರಿಸಲು ಆಗಲಿಲ್ಲವಂತೆ. ನಾನು ಫೋನು ಇಟ್ಟು ಸ್ಕ್ರೂಡ್ರೈವರ್ ತಂದೆ. ಎಡಗಡೆಯ ಪೆಟ್ಟಿಗೆಯನ್ನು ಬಾಲ್ಕನಿಗೆ ಎಳೆದು, ಅಡ್ಡ ಮಲಗಿಸಿ, ನೀನು ಜೋಡಿಸಿದ ಹಿಂಬದಿಯ ಹಲಗೆ ಬಿಚ್ಚಿದೆ. ಉಣ್ಣೆ ಮೊಸರು ಗಟ್ಟಿಯಾದ ಹಾಗೆ ಮುದ್ದೆಯಾಗಿತ್ತು. ಹಸಿರು ಬೂಷ್ಟು, ನಡುವೆ ಹುಳ ಮಿಜಿಮಿಜಿ. ಸವಿತಾ ಸೆರಗು ಬಾಯಿಗೆ ಒತ್ತಿಕೊಂಡು ಮೋರಿಯ ಕಡೆಗೆ ಓಡಿದಳು.

ಆ ಉಣ್ಣೆಯನ್ನೆಲ್ಲ ಗೊಬ್ಬರದ ಚೀಲಕ್ಕೆ ತುಂಬಿ ತಿಪ್ಪೆಗೆ ಒಯ್ಯಲು ಎದ್ದೆ. ಸವಿತಾ ಬಾಯಿ ತೊಳೆದುಕೊಂಡು ಬಂದವಳು ಚೀಲದ ಬಾಯಿ ಹಿಡಿದಳು.

“ಒಗೀಬ್ಯಾಡ್ರಿ ಅದನ್ನ.”

“ಹುಳ ಬಿದ್ದಾವ ಸವಿ.”

“ಬೀಳ್ಲಿ. ತೊಳೀತೇನಿ.”

“ಕುರಿ ವಾಸನಿ, ಕುರಿ ವಾಸನಿ ಅಂತ ಬಡ್ಕೊಂಡಾಕಿ ನೀನೇ. ಹುಲ್ಲು ಹಚ್ಚಿಸ್ದಿ, ಸೀರಿ ಉಡಿಸ್ದಿ, ವಾಷಿಂಗ್ ಮಷೀನ್ ಅಂದಿ. ಈಗ ಹೊಲಸು ಉಣ್ಣಿ ತೊಳೀತಿ?”

ಅವಳು ನೆಲದ ಮೇಲೆ ಕೂತುಬಿಟ್ಟಳು, ಆ ನಾತದ ಪಕ್ಕದಲ್ಲೇ. “ಕುರಿ ವಾಸನಿಗಿ ನನಗೇನಾಗ್ತದ್ರಿ? ಅಜ್ಜನ ಹಟ್ಟ್ಯಾಗ ಕುರಿ ಮರಿ ತಬ್ಕೊಂಡು ಮಲ್ಗಿ ಬೆಳದಾಕಿ ನಾ. ನೀವು ಟಿವಿ ಹಚ್ಚಿದಾಗೆಲ್ಲ ಆ ತೂತಿನ್ಯಾಗಿಂದ ಗಾಳಿ ಬರ್ತದಲ್ಲ. ಉಣ್ಣಿ, ಬೀಡಿ, ಬೆಸುಗಿ ಹಾಕೋ ರಾಳ… ಅಪ್ಪ ಅಂಗಡಿ ಮುಚ್ಚಿ ಮನೀಗಿ ಬಂದು ಬಾಗಿಲಾಗ ನಿಂತಂಗ ಆಗ್ತದ. ತಲಿ ಎತ್ತಿ ನೋಡಿದ್ರ ಯಾರೂ ಇಲ್ಲ, ಡಬ್ಬಾ ನಿಂತದ. ದಿನಾ ಹ್ಯಾಂಗ ನೋಡ್ಲಿ ನಾ? ಹಾಂಗಂತ ಹೇಳಿದ್ರ ನೀವು ಹುಚ್ಚಿ ಅಂತಿದ್ರಿ. ಅದಕ್ಕ ಕುರಿ ವಾಸನಿ ಅಂದೆ.”

“ಡಿಜೆಯಾಂವಗ ಕೊಡು ಅಂತ ಹೇಳಿದ್ದು?”

“ನೀವು ಕೊಡಂಗಿಲ್ಲ ಅಂತ ಗೊತ್ತಿತ್ತು.”

ಮಾಮಾ, ನನ್ನ ಮೂಗನ್ನು ನಾನು ದೊಡ್ಡದೆಂದು ತಿಳಿದಿದ್ದೆ. ಕೆಟ್ಟ ಹಾಲನ್ನು ಹಿಡಿಯಿತು, ಬೀಡಿಯನ್ನು ಹಿಡಿಯಲಿಲ್ಲ.

ಅವತ್ತು ಮಧ್ಯಾಹ್ನ ಅವಳು ಉಣ್ಣೆಯನ್ನು ಮಾಳಿಗೆಗೆ ಒಯ್ದು ತೊಳೆದದ್ದನ್ನು ನೀನು ನೋಡಬೇಕಿತ್ತು. ಸೀರೆ ಮೇಲೆ ಕಟ್ಟಿ, ಅಂಟುವಾಳದ ನೊರೆಯಲ್ಲಿ ಕಾಲಿನಿಂದ ತುಳಿದು, ಹಿಂಡಿ, ಮತ್ತೆ ನೀರು ಹಾಕಿ. ಊರಲ್ಲಿ ಹೆಂಗಸರು ತುಳಿಯುತ್ತಿದ್ದ ಹಾಗೆಯೇ. ಎದುರುಮನೆಯ ಹೆಂಗಸು ತನ್ನ ಮಾಳಿಗೆಯಿಂದ ಬಗ್ಗಿ ನೋಡಿದಳು, ಇವಳು ಲಕ್ಷ್ಯ ಕೊಡಲಿಲ್ಲ. ನಾನು ನೀರು ಹೊತ್ತು ಕೊಟ್ಟೆ. ಬಿಸಿಲಿಗೆ ಸಂಜೆಯೊಳಗೆ ಒಣಗಿ ಬೆಳ್ಳಗೆ, ಹಗುರಾಗಿ ಅರಳಿತು. ಅವಳು ಒಂದು ಹಿಡಿ ಎತ್ತಿ ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೇ ಇದ್ದಳು. ಕೈ ಇಳಿಸಿದಾಗ ಮುಖ ಸಣ್ಣದಾಗಿತ್ತು. “ಹೋಯ್ತ್ರಿ” ಎಂದಳು. “ಏನೂ ಉಳ್ದಿಲ್ಲ ಇದ್ರಾಗ. ಖಾಲಿ ಅಂಟುವಾಳ.” ನಿನ್ನನ್ನು ಮಣ್ಣು ಮಾಡಿದ ದಿನವೂ ಅವಳು ಅಷ್ಟು ಅತ್ತಿರಲಿಲ್ಲ.

ಬಲಗಡೆಯದು ಇದೆಯಲ್ಲ ಎಂದು ನನಗೆ ಹೊಳೆದದ್ದೂ ಆಗಲೇ. ಕೈ ಹಿಡಿದು ಕೆಳಗೆ ಕರೆದುಕೊಂಡು ಬಂದೆ. ಉರುಳಿಯ ನೀರನ್ನು ಪ್ಲಾಸ್ಟಿಕ್ ಕಮಲದ ಸಮೇತ ಮೋರಿಗೆ ಚೆಲ್ಲಿದೆ. ಗೊಂಡೆಯ ಕಂಬಳಿ ಎಳೆದು ಹಾಕಿದೆ. ಗೋಡೆಯ ಮೇಲಿನ ಫುಸ್ ಯಂತ್ರವನ್ನು ಮೊಳೆಯ ಸಮೇತ ಕಿತ್ತೆ. ಆ ಒಂದೇ ಸ್ಪೀಕರಿಗೆ ವೈರು ಕೊಟ್ಟು ನೀನು ಹಚ್ಚಿದ್ದ ಅದೇ ತಂಬೂರಿ ಪದ ಹಚ್ಚಿದೆ. ಸವಿತಾ ನೆಲಕ್ಕೆ ಕೂತು ತೂತಿನ ಮುಂದೆ ಅಂಗೈ ಹಿಡಿದಳು. ಆಮೇಲೆ ಅಂಗೈ ತೆಗೆದು ಮುಖವನ್ನೇ ಹಿಡಿದಳು. ನಾನೂ ಬಗ್ಗಿದೆ. ಉಣ್ಣೆ, ಅದರ ಹಿಂದೆ ರಾಳ, ಅದರ ಹಿಂದೆ… ಹೌದು ಮಾಮಾ, ನಿನ್ನ ಬೀಡಿಯೇ. ಡಾಕ್ಟರು ಬಿಡು ಎಂದಿದ್ದರೂ ಬಿಡದೆ ಸೇದಿದ ಬೀಡಿ.

ಅವ್ವನಿಗೂ ಎಲ್ಲ ಹೇಳಿಬಿಟ್ಟೆವು. ನೊಂದುಕೊಳ್ಳುತ್ತಾಳೆ ಎಂದು ಹೆದರಿದ್ದೆ.  “ಅಂದ್ರ ನಾ ಕೊಟ್ಟ ಉಣ್ಣಿಗಿ ನಾನೇ ಹಾಲು ಎರದೆನ?” ಎಂದಳು. ಆಮೇಲೆ, “ಇರ್ಲಿ ಬಿಡು. ತಮ್ಮಗ ಕೊನಿ ಸಲ ಹಾಲು ಬಿಡ್ಲಾಕ ಬರ್ಲಿಕ್ಕಾಗಿದ್ದಿಲ್ಲ ನನಗ, ಕಣ್ಣು ಕಾಣ್ತಿದ್ದಿಲ್ಲ. ಈಗ ಮುಟ್ತು” ಎಂದಳು.

ಈಗ ಟಿವಿಯ ಅಕ್ಕಪಕ್ಕ ಎರಡೂ ಸ್ಪೀಕರುಗಳು ಮುಸುಕಿಲ್ಲದೆ ನಿಂತಿವೆ. ತೊಳೆದ ಉಣ್ಣೆಯನ್ನು ಎಡಗಡೆಯದಕ್ಕೆ ಮತ್ತೆ ತುಂಬಿದೆವು, ಸದ್ದು ಕೆಟ್ಟಿಲ್ಲ. ಪ್ಲಾಸ್ಟಿಕ್ ಹುಲ್ಲು ಮಾತ್ರ ಇನ್ನೂ ಗೋಡೆಯ ಮೇಲಿದೆ. ಕಿತ್ತರೆ ಗಾರೆ ಸಮೇತ ಬರುತ್ತದಂತೆ, ಅಷ್ಟು ಅಂಟು ಸುರಿದಿದ್ದಾನೆ ಆ ಪುಣ್ಯಾತ್ಮ. ಅದನ್ನು ನೋಡಿದಾಗ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ. ಬರಲಿ. ಮಾಮಾ, ನಿನಗೆ ಒಂದು ಮಾತು ಕೊಡುತ್ತೇನೆ. ಬಲಗಡೆಯ ಪೆಟ್ಟಿಗೆಯ ಹಿಂದಿನ ಹಲಗೆಯನ್ನು ನಾನು ಬಿಚ್ಚುವುದಿಲ್ಲ, ಇನ್ನೊಬ್ಬರಿಗೂ ಬಿಚ್ಚಗೊಡುವುದಿಲ್ಲ. ಅದರ ಉಣ್ಣೆ ನೀನು ಜಾಲಿಸಿದ ಆ ಒಂದು ನೀರಿನ ಮೇಲೆ ಇನ್ನೊಂದು ನೀರು ಕಾಣುವುದಿಲ್ಲ.

ನಿನ್ನೆ ಸವಿತಾಳ ಶಾಲೆಯ ದೊಡ್ಡ ಮೇಡಮ್ಮು ಬಂದಿದ್ದರು. ಸೋಫಾದ ಬಲತುದಿಯಲ್ಲಿ ಕೂತರು, ಟಿವಿಯಲ್ಲಿ ಏನೋ ಹಾಡು ಬರುತ್ತಿತ್ತು. ಕರವಸ್ತ್ರ ಮೂಗಿನ ಹತ್ತಿರ ಒಯ್ದು ಆ ಕಡೆ ಈ ಕಡೆ ನೋಡಿ, “ಸವಿತಾ ಮೇಡಂ, ಏನೋ ಒಂದ್ ನಮೂನಿ ವಾಸನಿ ಬರ್ತದಲ್ರಿ?” ಎಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿವಿಯಾನಿಸಿದೆ. ಸವಿತಾ ಚಹಾದ ಕಪ್ಪು ಅವರ ಕೈಗಿಟ್ಟು, ಹಾಡಿನ ಸದ್ದನ್ನು ಒಂದಿಷ್ಟು ಏರಿಸಿ, ಹೇಳಿದಳು.

“ನಮ್ಮಪ್ಪಂದ್ರಿ.”

ನಿನ್ನ ಅಳಿಯ,
ಮಲ್ಲು